ಮೀನಿಲ್ಲ ಎಂದು ಬರೆಸಿಕೊಂಡ ಕೆರೆ

ಕೆರೆಗಳ ಮೀನಿನ ಸರ್ವೇಗೆ ಬಂದ ಇಲಾಖೆಯವರು ಬಲೆಯನ್ನು ನೀರಿನ ಮೇಲ್ಗಡೆ ತೇಲಿಬಿಟ್ಟಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೃಗಾಲ ತಳದ ಮೀನು. ಕೆಸರಿಗೆ ಬಾಯಿ ಹಚ್ಚಿ ಹೀರುತ್ತ ಬದುಕುತ್ತದೆ, ಅದರ ಬಾಯಿಯೇ ಕೆಳಮುಖ. ಅಂಥದ್ದನ್ನು ಹುಡುಕಲು ಮೇಲೊಂದು ಬಲೆ ತೇಲಿಬಿಟ್ಟು, ಚಹಾ ಕುಡಿದು, ‘ಮೀನಿಲ್ಲ’ ಎಂದು ಬರೆದುಕೊಂಡು ಹೋಗುವುದೆಂದರೆ ಅಟ್ಟದ ಮೇಲೆ ಎಮ್ಮೆ ಹುಡುಕಿದ ಹಾಗೆ.

ನಾನು ಸುರಪುರದಲ್ಲಿ ಗಣಿತದ ಮಾಸ್ತರ. ಗಾಳ ಹಾಕುವುದು ನನ್ನ ಚಟ. ಆದರೆ ಈ ಕೆರೆಯನ್ನು ನಾನು ಹುಡುಕಿದ್ದು ನನಗಾಗಿ ಅಲ್ಲ, ನಮ್ಮ ಓಣಿಯಲ್ಲಿ ಗಾದಿ ಹೊಲಿಯುವ ಗೆಳೆಯನಿಗಾಗಿ. ಅವನಿಗೆ ಹತ್ತಿಯ ಧೂಳು ಎದೆಗೆ ಹತ್ತಿಬಿಟ್ಟಿತ್ತು. ಅಂಗಡಿಯಲ್ಲಿ ಕೂತರೆ ಕೆಮ್ಮು, ಮನೆಯಲ್ಲಿ ಮಲಗಿದರೆ ಕೆಮ್ಮು. ನೀರಿನ ದಂಡೆಯಲ್ಲಿ ಗಾಳ ಬಿಟ್ಟು ಕೂತಾಗ ಮಾತ್ರ ಅವನ ಉಸಿರು ತಹಬಂದಿಗೆ ಬರುತ್ತಿತ್ತು. ಹತ್ತಿಕುಣಿಯ ಜಲಾಶಯದ ತನಕ ಬೈಕಿನ ಹಿಂದೆ ಕೂತು ಬರುವ ಶಕ್ತಿ ಅವನಿಗಿರಲಿಲ್ಲ. ಹತ್ತಿರದ ದೊಡ್ಡ ಕೆರೆಗಳೆಲ್ಲ ಗುತ್ತಿಗೆದಾರರ ಪಾಲಾಗಿದ್ದವು. ಅವರ ಆಳುಗಳು ನಾಯಿ ಓಡಿಸಿದ ಹಾಗೆ ನಮ್ಮನ್ನು ಓಡಿಸುತ್ತಿದ್ದರು. ಊರಿಗೆ ಹತ್ತಿರವಿರುವ, ಯಾರೂ ಕೇಳದ, ಆದರೆ ಮೀನಿರುವ ಒಂದು ಕೆರೆ ಬೇಕಿತ್ತು.

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಕೆರೆಗಳ ಸರ್ವೇ ನನ್ನ ಮೊಬೈಲಿಗೆ ಬಂದದ್ದು ಆಗಲೇ. ಗಾಳದವರೆಲ್ಲ ಅದರಲ್ಲಿ ‘ಸಿಕ್ಕ ಮೀನು’ ಎಂಬ ಕಲಂ ನೋಡಿ ಬೈಕು ಹತ್ತುತ್ತಿದ್ದರು, ಸಂಜೆ ಬರಿಗೈಯಲ್ಲಿ ಮರಳುತ್ತಿದ್ದರು. ನಾನು ಆ ಕಲಂ ಬಿಟ್ಟು ತಳದ ಮಣ್ಣು, ನೀರಿನ ಬಣ್ಣ ಓದಿದೆ. ಸುರಪುರಕ್ಕೂ ಶಹಾಪುರಕ್ಕೂ ನಡುವೆ ಇರುವ ಒಂದು ಸಣ್ಣ ಕೆರೆಯ ಹೆಸರಿನ ಮುಂದೆ ಹೀಗೆ ಬರೆದಿತ್ತು: ತಳ ಎರೆಮಣ್ಣು, ಸುತ್ತ ಜಾಲಿಮುಳ್ಳು, ದನ ಇಳಿಯುವುದಿಲ್ಲ, ನೀರು ಸದಾ ಕದಡಿರುತ್ತದೆ, ಬಲೆ ಬಿಟ್ಟದ್ದು ಮೇಲ್ನೀರಿನಲ್ಲಿ, ಮೀನಿಲ್ಲ. ದನ ಇಳಿಯದಿದ್ದರೆ ನೀರನ್ನು ಕದಡುವವರು ಯಾರು, ಇವರ ತಾತನೇ? ತಳದಲ್ಲಿ ಯಾರೋ ಬಾಯಿ ಹಾಕಿ ಕೆಸರು ಎಬ್ಬಿಸುತ್ತಿದ್ದಾರೆ ಎಂದು ನನಗೆ ಅಲ್ಲೇ ಖಾತ್ರಿಯಾಯಿತು.

ಮುಂದಿನ ರವಿವಾರ ಇಬ್ಬರೂ ಹೋದೆವು. ಜೋಳದ ಹಿಟ್ಟಿನ ಉಂಡೆ ಕಟ್ಟಿ ತಳಕ್ಕೆ ಬಿಟ್ಟೆವು. ಬಿಸಿಲು ಏರುವ ಮೊದಲೇ ಮೊಣಕೈ ಉದ್ದದ ಮೃಗಾಲ ಗೆಳೆಯನ ದಾರವನ್ನು ಎಳೆದಾಡುತ್ತಿತ್ತು. ಅವನು ನಗುತ್ತಿದ್ದ, ಕೆಮ್ಮುತ್ತಿರಲಿಲ್ಲ. “ಮಾಸ್ತರ, ಈ ಕೆರಿ ಹೆಸರ ನಿಮ್ಮ ಮನಿಯವ್ರ ಮುಂದೂ ಹೇಳಬ್ಯಾಡ್ರಿ” ಅಂದ.

ನಮ್ಮ ಕಡೆ ಗಾಳದವರ ಪದ್ಧತಿಯೇ ಅದು. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ‘ನೀರಾಗ’ ಅನ್ನಬೇಕು, ಮುಂದೆ ತುಟಿ ಬಿಚ್ಚಬಾರದು. ಬಾಯಿಬಿಟ್ಟರೆ ಮರುದಿನವೇ ಬಲೆಯವರು ಬಂದು ಮರಿ ಸಹಿತ ಬಳಿದುಕೊಂಡು ಹೋಗುತ್ತಾರೆ. ಎರಡು ಮಳೆಗಾಲ ನಾವು ಹಾಗೆಯೇ ಬಾಯಿ ಹೊಲಿದುಕೊಂಡು ಅಲ್ಲಿ ಸುಖವಾಗಿದ್ದೆವು. ಸರ್ವೇಯ ತಪ್ಪನ್ನು ನಾನು ಮನಸ್ಸಿನಲ್ಲೇ ಹರಸಿದ್ದೂ ಉಂಟು.

ಆಮೇಲೆ ಆ ತಪ್ಪನ್ನೇ ನಂಬಿದವರು ಬಂದರು. ಕೆರೆ ಮುಚ್ಚಿ ಗೋದಾಮು ಕಟ್ಟುತ್ತಾರಂತೆ, ತಕರಾರಿದ್ದವರು ಸಭೆಗೆ ಬರಬೇಕಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಒಬ್ಬನಾದರೂ ಹೋಗಿ ಆ ನೀರಿನಲ್ಲಿ ಕೈ ಅದ್ದಿದ್ದರೆ ಕೇಳಿ.

ಸಭೆಯಲ್ಲಿ ತಾಲ್ಲೂಕು ಕಚೇರಿಯ ಸಾಹೇಬರು ಸರ್ವೇಯ ಕಾಗದ ಎತ್ತಿ ಹಿಡಿದರು. “ಮೀನಿಲ್ಲ, ನೀರು ಸದಾ ಕದಡಿರ್ತೈತಿ ಅಂತ ಇಲ್ಲೇ ಬರದೈತಿ. ಮುಚ್ಚಿದ್ರ ಯಾರಿಗೇನು ನಷ್ಟ?”

ನಾನು ಎದ್ದೆ. ಬಲೆ ಮೇಲಿತ್ತು, ಮೀನು ಕೆಳಗಿದೆ ಎಂದು ಐದನೆಯ ಇಯತ್ತೆಯ ಹುಡುಗರಿಗೆ ಹೇಳುವಂತೆ ಹೇಳಿದೆ. ಸಿಟ್ಟಿನಲ್ಲಿ ದನಿ ಏರಿತ್ತು, ಏರಲಿ ಎಂದೇ ಬಿಟ್ಟೆ.

“ನೀವಂದ್ರ ಆತೇನ್ರಿ ಮಾಸ್ತರ? ಮತ್ತ್ಯಾರರ ಕಂಡಾರೇನು?” ಅಂದರು ಸಾಹೇಬರು.

ಪಕ್ಕದಲ್ಲೇ ಕೂತಿದ್ದ ಗೆಳೆಯನನ್ನು ತೋರಿಸಿದೆ. ಅವನು ಎದ್ದು ನಿಂತು ಸುತ್ತ ನೋಡಿದ. ಹಿಂದಿನ ಸಾಲಿನಲ್ಲಿ ಶಹಾಪುರದ ಗಾಳದವರು ಕೂತಿದ್ದರು. ಬಾಗಿಲ ಹತ್ತಿರ ಬಲೆಯವರು ಇಬ್ಬರು, ಕಿವಿ ನಿಮಿರಿಸಿಕೊಂಡು. ಅವರನ್ನು ಕಂಡದ್ದೇ ಇವನ ಮುಖ ಬಿಗಿದುಕೊಂಡಿತು.

“ನಾ ಗಾಳಿಗೆ ಕುಂದರಾಕ ಹೋಗತೀನ್ರಿ ಸಾಹೇಬ್ರ” ಅಂದ. “ಮೀನ ಎಲ್ಲ್ಯದಾವ್ರಿ ಅಲ್ಲಿ? ಬರೇ ಕೆಸರ.”

ಸಭೆ ನಕ್ಕಿತು. ಸಾಹೇಬರೂ ನಕ್ಕರು. ನನ್ನ ಮಾನ ಹೋದದ್ದು ಹೋಗಲಿ, ಅವನು ತನ್ನ ಉಸಿರನ್ನೇ ಒಂದು ಮಾತಿನಲ್ಲಿ ಕೊಟ್ಟು ಕೂತಿದ್ದ. ಹೊರಗೆ ಬಂದ ಮೇಲೆ ನಡುರಸ್ತೆಯಲ್ಲಿ ಅವನ ಅಂಗಿ ಹಿಡಿದೆ.

“ತಲಿ ಕೆಟ್ಟೈತೇನು ನಿನಗ?”

“ಹೇಳಿದ್ರ ನಾಳೆ ಮುಂಜಾನೆ ಆ ಬಾಗಿಲದಾಗ ಕುಂತವ್ರ ಬಲಿ ಕೆರಿಗೆ ಬೀಳ್ತಿದ್ವು ಮಾಸ್ತರ. ಇವ್ರು ಮುಚ್ಚೂದು ಯಾವಾಗ? ಇವ್ರ ಕಾಗದ ಕಪಾಟಿನ್ಯಾಗ ಮಕ್ಕೊಂಡ್ರ ಏಳೂದಿಲ್ಲ. ನೋಡಿಲ್ಲೇನ್ರಿ ನೀವು?”

ನೋಡಿದ್ದೆ. ಶಾಲೆಗೆ ಒಂದು ಕೋಣೆ ಕೇಳಿ ಕೊಟ್ಟ ಅರ್ಜಿ ಇವತ್ತಿಗೂ ಎಲ್ಲೋ ಮಲಗಿದೆ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು. ಆದರೆ ಮಕ್ಕಳ ಕೋಣೆಗೆ ಏಳದ ಕಾಗದ ಗೋದಾಮಿಗೆ ಮಾತ್ರ ತಟ್ಟನೆ ಎದ್ದು ಕೂತಿತು. ದೀಪಾವಳಿ ಕಳೆಯುತ್ತಲೇ ಜೆಸಿಬಿ ಬಂದು ಕೆರೆಯ ಒಡ್ಡು ಕಡಿಯಿತು.

ನಾವು ಹೋಗುವಷ್ಟರಲ್ಲಿ ನೀರು ಅರ್ಧ ಹರಿದುಹೋಗಿತ್ತು. ಕೆಸರಿನ ತುಂಬ ಮೃಗಾಲ ಬಿದ್ದು ಒದ್ದಾಡುತ್ತಿದ್ದವು. ಜನ ಬುಟ್ಟಿ, ಕೊಡ, ರಸಗೊಬ್ಬರದ ಚೀಲ, ಕೈಗೆ ಸಿಕ್ಕದ್ದನ್ನು ತಂದು ತುಂಬುತ್ತಿದ್ದರು. ಬಲೆಯವರಿಗೆ ಅಂದು ಬಲೆಯೇ ಬೇಕಾಗಲಿಲ್ಲ. ಸಾಹೇಬರು ಜೀಪಿನಿಂದ ಇಳಿದು ನೋಡಿ, “ಅಬ್ಬಾ, ಇಷ್ಟಿದ್ವೇನು” ಅಂದರು. ಅವರ ಮುಖದಲ್ಲಿ ನಾಚಿಕೆ ಹುಡುಕಿದೆ. ಅಲ್ಲಿ ಬರೀ ಹಸಿವು ಇತ್ತು.

ಗೆಳೆಯ ಒಡ್ಡಿನ ಮೇಲೆ ಕೂತು ಕೆಮ್ಮುತ್ತಿದ್ದ. ಜೀಪಿನ ಡ್ರೈವರ್ ಎರಡು ಮೀನು ಜೋತಾಡಿಸಿಕೊಂಡು ಅವನ ಹತ್ತಿರ ಬಂದ.

“ಸಾಹೇಬ್ರು ಕೇಳಾಕತ್ತಾರ. ಇವಕ್ಕ ಕೆಸರ ವಾಸನಿ ಇರ್ತೈತೇನು?”

ಗೆಳೆಯ ಉಸಿರು ತಿರುಗಿಸಿಕೊಂಡ. “ಇರ್ತೈತ್ರಿ. ಉಪ್ಪು, ಅರಿಷಿಣ ಹಚ್ಚಿ ತಿಕ್ಕಿ ತೊಳೀಬೇಕು. ಹುಣಸಿಹುಳಿ ಜರಾ ಮುಂದ ಇರ್ಲಿ.” ಡ್ರೈವರ್ ಹೊರಡಲಿದ್ದ, ಇವನೇ ತಡೆದ. “ಇವು ಸಣ್ಣಾವ್ರಿ. ದೊಡ್ಡಾವು ಆ ವಾರಿ ಬಾಗಿದ ಜಾಲಿಗಿಡದ ಬುಡಕ ಒಂದು ಕುಣಿ ಐತಿ, ಅಲ್ಲಿ ಅದಾವ. ಮಂದಿಗಿನ್ನೂ ಗೊತ್ತಿಲ್ಲ. ಬಲಕ್ಕ ಇಳೀರಿ, ಎಡಕ್ಕ ಕಾಲ ಹುಗೀತೈತಿ.” ಬೆರಳು ಮಾಡಿ ತೋರಿಸಿದ.

ಬೈಯಬೇಕೆಂದು ನಾನು ಬಾಯಿ ತೆರೆದೆ. ಡ್ರೈವರ್ ಆಗಲೇ ಪ್ಯಾಂಟು ಮಡಚುತ್ತಿದ್ದ.