ನಕ್ಷತ್ರ ಒರೆಸಿದ ಖಲೀಲ್ ಸಾಬರು

ಚಿತ್ರದ ಮೇಲೊಂದು ಕಪ್ಪು ಚುಕ್ಕಿ ಕಂಡರೆ ಖಲೀಲ್ ಸಾಬರ ಕೈ ಸುಮ್ಮನಿರುತ್ತಿರಲಿಲ್ಲ. ಹುಣಸೂರಿನ ಸ್ಟುಡಿಯೊದಲ್ಲಿ ಆಯುಷ್ಯವಿಡೀ ಫೋಟೊ ತಿದ್ದಿದವರು. ಮದುಮಗಳ ಕೆನ್ನೆಯ ಮೇಲಿನ ಧೂಳು ತೆಗೆದು ಮಚ್ಚೆ ಉಳಿಸುವುದು ಅವರ ವಿದ್ಯೆ. ಹಳೆಯ ಆಕಾಶಚಿತ್ರಗಳಲ್ಲಿ ನಕ್ಷತ್ರ ಹುಡುಕುವ ಹವ್ಯಾಸದ ನನಗೆ ಬೇಕಾಗಿದ್ದೂ ಅದೇ.

ಗೋಳಾಕಾರದ ನಕ್ಷತ್ರಗುಚ್ಛಗಳಲ್ಲಿ ಲಕ್ಷಾಂತರ ನಕ್ಷತ್ರಗಳು ಜೇನ್ನೊಣಗಳಂತೆ ಮುತ್ತಿಕೊಂಡಿರುತ್ತವೆ. ಎಂದೋ ಅವುಗಳಲ್ಲೊಂದು ದಿಢೀರನೆ ಬೆಳಗಿ, ಕೆಲವೇ ವಾರಗಳಲ್ಲಿ ಮಂಕಾಗಿರುತ್ತದೆ. ಅದೇ ನೋವಾ. ಆಗ ಯಾರೂ ಗಮನಿಸದಿದ್ದರೂ ಆಕಾಶ ಬಿಳಿಯಾಗಿ ಕಾಣುವ ಹಳೆಯ ಗಾಜಿನ ನೆಗೆಟಿವ್‌ಗಳಲ್ಲಿ ಅದು ಕಪ್ಪು ಚುಕ್ಕಿಯಾಗಿ ಉಳಿದಿರಬಹುದು. ಅವುಗಳ ಪ್ರತಿಗಳನ್ನು ಇಂಟರ್ನೆಟ್‌ನಿಂದ ಇಳಿಸಿ, ದೊಡ್ಡದಾಗಿ ಮುದ್ರಿಸಿ, ರಾವಂದೂರಿನಿಂದ ಬಸ್ಸಿನಲ್ಲಿ ಸಾಬರ ಸ್ಟುಡಿಯೊಗೆ ತರುತ್ತಿದ್ದೆ. ಒಂದೇ ಗುಚ್ಛದ ಬೇರೆ ಬೇರೆ ಕಾಲದ ಎರಡೆರಡನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ಮಾತ್ರ ಇರುವ ಚುಕ್ಕಿಯನ್ನು ಇಬ್ಬರೂ ಹುಡುಕುತ್ತಿದ್ದೆವು. ನೋಡಿದ ಪ್ರತಿ ಜೋಡಿಗೂ ಸಂಖ್ಯೆ, ದಿನಾಂಕ ಹಾಕಿ ಡೈರಿಯಲ್ಲಿ ಬರೆಯುತ್ತಿದ್ದೆ.

“ನಕ್ಷತ್ರ ಆದ್ರೆ ಪಕ್ಕದೋರಂಗೇ ಇರ್ತದೆ, ಅಂಚು ಮಸುಕು,” ಎನ್ನುತ್ತಿದ್ದರು ಸಾಬರು. “ಕಸಕ್ಕೆ ನೆಂಟ್ರಿಲ್ಲ ಕಣವ್ವ.”

ನಲವತ್ತೊಂದನೆಯ ಜೋಡಿಯಲ್ಲಿ, ಗುಚ್ಛದ ಅಂಚಿಗೆ, ಒಂದು ಚುಕ್ಕಿ ಹೆಚ್ಚಿತ್ತು. ಅದೇ ಗುಚ್ಛವನ್ನು ಮರುರಾತ್ರಿ ತೆಗೆದ ಚಿತ್ರದಲ್ಲೂ ಇದ್ದರೆ ಅದು ನಿಜ. ಆ ಚಿತ್ರವನ್ನು ಹಿಂದಿನ ದಿನವೇ ಸಾಬರ ಬಳಿ ಬಿಟ್ಟುಹೋಗಿದ್ದೆ. ತೆಗೆದು ನೋಡಿದರೆ ಆ ಜಾಗದಲ್ಲಿ ಬರೀ ಬಿಳಿ. ‘ಕಸ’ ಎಂದು ಬರೆಯಲು ಹೊರಟಾಗ ಅವರು ಟೀ ಲೋಟ ಕೆಳಗಿಟ್ಟರು.

“ಬರೀಬ್ಯಾಡ. ಬೆಳಿಗ್ಗೆ ಅದನ್ನ ಕ್ಲೀನ್ ಮಾಡ್ದೆ.”

“ಏನಂದ್ರಿ ಸಾಬ್ರೇ?”

“ಗಲೀಜು ಕಾಣ್ತು. ಬಿಳಿ ಬಣ್ಣ ಹಚ್ಬುಟ್ಟೆ. ಹಳೇ ಚಾಳಿ.”

ಮೊಬೈಲಿನಲ್ಲಿ ಮೂಲ ಚಿತ್ರ ತೆರೆದು ಹಿಗ್ಗಿಸಿದೆ. ಅದೇ ಜಾಗ, ಅದೇ ಚುಕ್ಕಿ. ಅಂಚು ಮಸುಕು. ಪಕ್ಕದ ನಕ್ಷತ್ರಗಳಂತೆಯೇ ಎಡಕ್ಕೆ ಚೂರು ಎಳೆದಂತಿತ್ತು.

“ಅಷ್ಟು ದೂರದಿಂದ ಬಂದೋರ್ನ ಬಾಗ್ಲಲ್ಲೇ ಒರೆಸ್ಬುಟ್ನಲ್ಲ,” ಎಂದು ಸಾಬರು ನಕ್ಕರು.

ಖಗೋಳ ವಿಜ್ಞಾನದ ಪ್ರಾಧ್ಯಾಪಕರೊಬ್ಬರಿಗೆ ಕಳಿಸುವ ಪತ್ರದಲ್ಲಿ ಇಬ್ಬರ ಹೆಸರೂ ಬರೆದೆ. ಸಾಬರು ತಮ್ಮದನ್ನು ಹೊಡೆದುಹಾಕಿದರು. “ನಾನು ಒರೆಸ್ದೋನು, ಕಂಡೋಳು ನೀನು.”

“ಒರೆಸೋಕೆ ಮೊದ್ಲು ಕಾಣ್ಬೇಕಲ್ವಾ ಸಾಬ್ರೇ?”

ಸಾಬರು ಕಾಗದವನ್ನು ನನ್ನ ಕಡೆ ತಳ್ಳಿದರು. “ಅಂಗಾದ್ರೆ ನಮ್ಮಪ್ಪನ ಹೆಸ್ರೂ ಸೇರ್ಸಿ ಸರ್ಯಾಗ್ ಬರಿ.”

ಉತ್ತರ ಬಂದ ದಿನ ಮೊದಲ ಬಸ್ಸಿಗೇ ಹೋಗಿ ಸಾಬರಿಗೆ ಓದಿ ಹೇಳಿದೆ: ತಿಂಗಳ ನಂತರದ ಚಿತ್ರದಲ್ಲಿ ಅದು ಮಂಕಾಗಿದೆ, ಯಾವ ಪಟ್ಟಿಯಲ್ಲೂ ಇಲ್ಲ, ನೋವಾ ಎಂದೇ ಕಾಣುತ್ತದೆ.

“ಇನ್ನೊಂದ್ ಸಲ ಓದು,” ಎಂದರು. ಮೂರು ಸಲ ಓದಿಸಿದರು. ಪಕ್ಕದ ಅಂಗಡಿಯ ಟೈಲರ್‌ನನ್ನೂ ಕರೆದು ನಾಲ್ಕನೆಯ ಸಲ.

ಅದೇ ಕೊನೆಯ ಭೇಟಿ. ಎಂಟು ದಿನಕ್ಕೆ ಸಾಬರು ತೀರಿಕೊಂಡರು.

ಈಗ ನಲವತ್ತೆರಡನೆಯ ಜೋಡಿ ಮೇಜಿನ ಮೇಲಿದೆ. ಡೈರಿಯಲ್ಲಿ ‘ನೋಡಿದವರು’ ಎಂಬಲ್ಲಿ ನನ್ನ ಹೆಸರೊಂದೇ. ಒಂದು ಚುಕ್ಕಿ ಹೆಚ್ಚು ಕಾಣುತ್ತಿದೆ. ಕಸವೋ ಏನೋ, ಕೇಳಲು ಯಾರೂ ಇಲ್ಲ.