ಬೋಣಿ ಹೊತ್ತಿನ ಮುಕ್ತಾಬಾಯಿ

ಬೆಳಕು ಹರಿಯುವ ಮೊದಲೇ ಮುಕ್ತಾಬಾಯಿ ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಆನಿಸುತ್ತಾರೆ. ಶಿರೋಳದ ಹತ್ತಿರ, ಪಂಚಗಂಗೆಯ ದಂಡೆಯ ಮೇಲಿರುವ ಈ ಹಳೆಯ ಕಿರಾಣಿ ಅಂಗಡಿ ಈಗ ವಸ್ತುಸಂಗ್ರಹಾಲಯ. ಊರಿನ ಇತಿಹಾಸ ಮಂಡಳ ಇದನ್ನು ಉಳಿಸಿದೆ ಎಂದು ಫಲಕ ಹೇಳುತ್ತದೆ. ಮಹಾಪೂರ ಬಂದಾಗಲೆಲ್ಲ ರಾಡಿ ಬಾಚಿ, ತಕ್ಕಡಿಗೆ ಎಣ್ಣೆ ಸವರಿ, ಮರದ ಪೆಟ್ಟಿಗೆಗಳನ್ನು ನೆರಳಲ್ಲಿ ಒಣಗಿಸಿದವರು ಯಾರೆಂದು ಹೇಳುವುದಿಲ್ಲ. ಜಾಗ ಸಾಲಲಿಲ್ಲವಂತೆ! ಅಧ್ಯಕ್ಷರ ಹೆಸರಿಗೆ ಮಾತ್ರ ಸಾಲಿತು.

ಮುಕ್ತಾಬಾಯಿ ಹರೆಯದಲ್ಲಿ ಇಲ್ಲಿಗೆ ಕಾಳು ಹಸನು ಮಾಡುವ ಕೂಲಿಗೆ ಬಂದವರು. ಗಂಡ ತೀರಿದ ಮೇಲೆ ಇಬ್ಬರು ಹೆಣ್ಣುಮಕ್ಕಳು ಬೆಳೆದದ್ದೂ ಇದೇ ಅಂಗಡಿಯ ಅನ್ನದಿಂದ. ಮಾಲೀಕ ಜಿನಪಾಲ ಶೇಟರು ಕಲಿಸಿದ್ದು ಒಂದೇ ಪಾಠ: ಬೋಣಿಯ ಹೊತ್ತಿನಲ್ಲಿ, ಅಂದರೆ ದಿನದ ಮೊದಲ ಗಿರಾಕಿಗೆ, ‘ಇಲ್ಲ’ ಅನ್ನಬಾರದು.

ಆ ಪಾಠವೇ ಕಳೆದ ತಿಂಗಳು, ಮಂಡಳ ಕೊಟ್ಟಿರುವ ಈ ಕಾವಲು ಕೆಲಸಕ್ಕೆ ಕುತ್ತು ತಂದಿತು. ಕುರಿ ಕಾಯುವ ಲಗಮಣ್ಣ ನಸುಕಿನಲ್ಲಿ ಬಂದು, “ಮುಕ್ತವ್ವಾ, ಟಗರ ಕಟ್ಟಾಕ ಒಂದ ಮಾರ ಹಗ್ಗ ಕೊಡವಾ” ಅಂದ. ಈಕೆ ಪ್ರದರ್ಶನಕ್ಕಿಟ್ಟ ಪುಂಡಿನಾರಿನ ಹಗ್ಗವನ್ನೇ ಕತ್ತರಿಸಿ ಕೊಟ್ಟರು.

ಮಂಡಳದ ಕಾರ್ಯದರ್ಶಿ ಶ್ರೇಣಿಕ ಕೆಂಡವಾದರು. “ಮಾವಶಿ, ಇದು ಮ್ಯೂಸಿಯಂ ರೀ! ನಾಳೆ ತಕ್ಕಡಿನೂ ಕೊಟ್ಟ ಕಳಸ್ತೀರೇನ?”

“ತಕ್ಕಡಿ ಯಾರ ಕೇಳ್ಯಾರ್ರಿ? ಅಂವಾ ಕೇಳಿದ್ದು ಹಗ್ಗ.”

“ಕೇಳಿದ್ರ ಕೊಟ್ಟ ಬಿಡೂದ?”

“ಬೋಣಿ ಇತ್ರೀ.”

ಸಭೆ ಸೇರಿತು. ತೆಗೆದುಹಾಕಿ ಎಂದವರೇ ಹೆಚ್ಚು. ಅಷ್ಟರಲ್ಲಿ ಲಗಮಣ್ಣ ಟಗರನ್ನು ಎಳೆದುಕೊಂಡು ಬಾಗಿಲಿಗೆ ಬಂದ. “ನಿಮ್ಮ ಹಗ್ಗ ತಗೋರಿ, ಜೋಡೀಲೆ ಟಗರನೂ ಕಟಗೋರಿ. ಮುಕ್ತವ್ವನ್ನ ಬಿಡಸಬ್ಯಾಡ್ರಿ.” ಮೊದಲು ನಕ್ಕವರು ಶ್ರೇಣಿಕರೇ. ಮುಂದಿನ ಮಹಾಪೂರದ ರಾಡಿ ಯಾರು ಬಾಚುತ್ತೀರಿ ಎಂದು ಅವರು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಮುಕ್ತಾಬಾಯಿ ಉಳಿದರು. ಷರತ್ತು ಒಂದೇ: ಇನ್ನು ಮೇಲೆ ಒಂದು ಎಳೆ ನಾರನ್ನೂ ಯಾರಿಗೂ ಕೊಡಕೂಡದು.

ಹಾಗಾದರೆ ನಸುಕಿನಲ್ಲಿ ಯಾರಾದರೂ ಬಂದು ಬೆಲ್ಲ ಕೇಳಿದರೆ?

“ಮಾಲ ಬರೂದೈತ್ರಿ, ಅಂತೇನಿ.” ಮುಕ್ತಾಬಾಯಿ ಸೆರಗಿನಿಂದ ಖಾಲಿ ಪೆಟ್ಟಿಗೆ ಒರೆಸುತ್ತಾರೆ. “ಇಲ್ಲ ಅನ್ನೂ ಮಾತ ನನ್ನ ಬಾಯಾಗ ಬರೂದಿಲ್ಲ. ಅವರಿಗೆ ಮ್ಯೂಸಿಯಂ ಇರಲಿ ಬಿಡ್ರಿ. ದಿನಾ ಹಲಗಿ ತಗಿಯಾಕ ನಾ ಇರೂತನಕ ಇದು ಅಂಗಡೀನ.”