ಮಾಯಪ್ಪ ಮಾಸ್ತರರ ಪುಸ್ತಕ ನೋಡಿದವರು

ಖಾನಾಪುರದ ಬಸ್ಸಿನಲ್ಲಿ ಬೂಟಿನ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ನಾಡಿನ ಪಾಂಡಿತ್ಯವನ್ನೆಲ್ಲ ನಾನೇ ಹೊತ್ತಿದ್ದೇನೆಂಬ ಗತ್ತಿನಲ್ಲಿ ಕೂತಿದ್ದೆ. ಡ್ರೈವರ್ ಒಂದು ಎಮ್ಮೆಯನ್ನು ಉಳಿಸಲು ಗಕ್ಕನೆ ಬ್ರೇಕು ಒತ್ತಿದ. ಎಮ್ಮೆ ಉಳಿಯಿತು. ಡಬ್ಬಿ ಹಾರಿ, ಎದುರಿಗೆ ಕೂತ ಹೆಂಗಸಿನ ಒಣಮೀನಿನ ಬುಟ್ಟಿಯಲ್ಲಿ ಬೋರಲಾಯಿತು. ಒಳಗಿದ್ದ ಕಾರ್ಡುಗಳೆಲ್ಲ ಮೀನಿನ ನಡುವೆ ಚೆಲ್ಲಿದವು. ನಾನು ಗಾಬರಿಯಲ್ಲಿ ಬುಟ್ಟಿಗೇ ಕೈ ಹಾಕಿದೆ.

"ಕೈ ತಗೀರಿ! ಬೇಕಾದ್ರ ರೇಟು ಕೇಳಿ ತಗೋರಿ," ಎಂದಳು ಆಕೆ.

ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನಲ್ಲಿದ್ದ ನನ್ನ ಇಬ್ಬರು ವಿದ್ಯಾರ್ಥಿಗಳು ಮಾತ್ರ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹೆಂಗಸರ ಸೀಟಿನಿಂದ ಎದ್ದು ಬಂದ ಬಿಲ್ಕೀಸ ಒಂದೊಂದೇ ಕಾರ್ಡು ಹೆಕ್ಕಿ, ಸೆರಗಿಗೆ ಒರೆಸಿ, ಮೊದಲಿನ ಹಾಗೆ ಜೋಡಿಸಿದಳು. ಒಂದನ್ನು ಮಾತ್ರ ಬೇರೆ ಇಟ್ಟುಕೊಂಡಳು. ಅದರ ಸಲುವಾಗಿಯೇ ನಾವು ಹೊರಟಿದ್ದೆವು.

ಇದು ಎಂಬತ್ತನಾಲ್ಕರ ಮೇ ತಿಂಗಳ ಮಾತು. ಬಿಲ್ಕೀಸ ಬೆಳಗಾವಿಯ ನಮ್ಮ ಕಾಲೇಜಿನ ಗ್ರಂಥಪಾಲಕಿ, ಆಗಿನ್ನೂ ಹಂಗಾಮಿ. ಪ್ರತಿ ಜೂನಿನಲ್ಲಿ ಆಡಳಿತ ಮಂಡಳಿಯವರು ಮನಸ್ಸು ಮಾಡಿದರೆ ಮತ್ತೊಂದು ವರ್ಷದ ಕೆಲಸ. ತಂದೆ ಜಮಾಲಸಾಬ ಊರಾಚೆಯ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಪಂಪಿನ ಎರಕದ ಸಾಮಾನುಗಳನ್ನು ಬಿರುಕಿಲ್ಲವೆಂದು ತಟ್ಟಿ ನೋಡಿ ಮುದ್ರೆ ಒತ್ತುತ್ತಿದ್ದರು. ಆ ಕಾರ್ಖಾನೆಗೆ ಬೀಗ ಬಿದ್ದು ಮನೆಯ ಒಲೆ ಇವಳೊಬ್ಬಳ ಪಗಾರದ ಮೇಲೆ ನಿಂತಿತ್ತು.

ನಮಗೆ ಕೆಲವರಿಗೆ ಆಗ ಒಂದು ಹುಚ್ಚು: ಈ ಭಾಗದ ವಿದ್ವಾಂಸರಲ್ಲಿ ಯಾರಿಗೆ ಯಾರು ಗುರು, ಆ ಗುರುವಿಗೆ ಯಾರು ಗುರು ಎಂದು ವಂಶಾವಳಿ ಬರೆಯುವುದು. ಆದರೆ ಯಾವ ಪುಸ್ತಕದಲ್ಲಿ ಏನಿದೆ ಎಂಬುದನ್ನು ಒಬ್ಬರು ಇನ್ನೊಬ್ಬರಿಗೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬಿಲ್ಕೀಸ ಎಲ್ಲರಿಗೂ ಸೇರಿ ಒಂದೇ ಗ್ರಂಥಸೂಚಿ ಮಾಡಿದಳು. ಪುಸ್ತಕಕ್ಕೊಂದು ಕಾರ್ಡು, ಕಾರ್ಡಿನ ಕೆಳಗಿನ ಮೂಲೆಯಲ್ಲಿ 'ನೋಡಿದವರು' ಎಂದು ಒಂದು ಸಾಲು. ಪುಸ್ತಕವನ್ನು ಕೈಯಲ್ಲಿ ಹಿಡಿದವರೇ ಅಲ್ಲಿ ಸಹಿ ಹಾಕಬೇಕು. "ಕೇಳಿ ಬರದವರದು ಬ್ಯಾಡ್ರಿ," ಎಂದಿದ್ದಳು.

ಎಲ್ಲ ಕಾರ್ಡಿಗೂ ಸಹಿ ಬಿತ್ತು, ಒಂದರ ಹೊರತು. ಅದು ತೀರಿಹೋದ ಮಾಯಪ್ಪ ಮಾಸ್ತರರು ಬರೆದ ಸಾಲಿಗುರುಗಳ, ಅಂದರೆ ಈ ಭಾಗದ ಶಾಲೆಯ ಮಾಸ್ತರರ, ಚರಿತ್ರೆ. ಅವರು ನಮ್ಮ ಗುರುಗಳ ಗುರು. ಆ ಪುಸ್ತಕವನ್ನು ಉಲ್ಲೇಖಿಸದ ಪ್ರಬಂಧವೇ ಇರಲಿಲ್ಲ. ನಾನೂ ಇನ್ನೂರಾ ಹದಿನಾಲ್ಕನೇ ಪುಟವೆಂದು ಠೀವಿಯಿಂದ ಬರೆದಿದ್ದೆ.

"ನೀವು ನೋಡೀರೇನ್ರಿ ಸರ್?" ಎಂದು ಬಿಲ್ಕೀಸ ನನ್ನನ್ನು ಕೇಳಿದಳು.

"ನಮ್ಮ ಗುರುಗಳು ನೋಡ್ಯಾರ."

ನಮ್ಮ ಗುರು ಚನ್ನಬಸಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರೂ ಹೌದು. ಬಿಲ್ಕೀಸ ಅವರನ್ನೂ ಕೇಳಿದಳು. ಅವರ ಹುಬ್ಬು ಗಂಟಾಯಿತು.

"ಖಾನಾಪುರದ ಬಾಳಾಸಾಹೇಬ ನೋಡ್ಯಾನ. ಅಂವನ ಲೇಖನದಾಗಿಂದ ನಾ ತಗೊಂಡೀನಿ. ನೀ ಸುಮ್ನ ಸಹಿ ಹಾಕಿ ಮುಗಸು ತಂಗಿ. ಸೋಮವಾರ ಡಬ್ಬಿ ನೋಡಾಕ ಬರ್ತೀನಿ. ನಿನ್ನ ನೌಕರಿ ಕಾಗದಾನೂ ಅವತ್ತ ನೋಡೂಣು."

ಬಾಳಾಸಾಹೇಬರು ನಿವೃತ್ತ ಮರಾಠಿ ಸಾಲಿ ಮಾಸ್ತರು, ಚನ್ನಬಸಯ್ಯನವರ ಜೊತೆ ಮಾಯಪ್ಪ ಮಾಸ್ತರರ ಕೈಕೆಳಗೇ ಕಲಿತವರು. ನಾವು ಬಸ್ಸಿಳಿದು ಅವರ ಮನೆಗೆ ಹೋದಾಗ ಚಹಾ ಕೊಟ್ಟರು. ಕಾರ್ಡು ಮೂಗಿನ ಹತ್ತಿರ ಹಿಡಿದು, ನನ್ನತ್ತ ಒಮ್ಮೆ ನೋಡಿದರು.

"ಮಾಸ್ತರ್ರ, ಈ ಪುಸ್ತಕ ನೀವು ನೋಡೀರಿ, ಹೌದಲ್ರಿ?" ಎಂದಳು ಬಿಲ್ಕೀಸ.

"ನಾ? ಛೇ! ಚನ್ನಬಸಯ್ಯ ನೋಡ್ಯಾನ. ಅಂವ ಭಾಷಣದಾಗ ಹೇಳಿದ್ದು ಕೇಳಿನ ನಾ ಲೇಖನ ಬರದದ್ದು."

ಬಿಲ್ಕೀಸ ಬಟ್ಟಲು ಕೆಳಗಿಟ್ಟಳು.

"ಮಾಯಪ್ಪ ಮಾಸ್ತರರನ್ನ ಕೇಳಲಿಲ್ಲೇನ್ರಿ?"

"ಗುರುಗಳಿಗೆ ಪುಸ್ತಕ ತೋರಸ್ರಿ ಅನ್ನೂದ? ಸಾಕ್ಷಿ ಕೇಳಿದಂಗ ಆಗೂದಿಲ್ಲೇನವಾ? ಬರದೀನಿ ಅಂದ್ರು. ನಾವು ಕಾಲಿಗೆ ಬಿದ್ವಿ."

"ಮತ್ತ ಆ ಪುಟದ ನಂಬರು?" ಎಂದೆ ನಾನು. ನನಗೆ ನನ್ನದೇ ಚಿಂತೆ.

"ಅದು ಚನ್ನಬಸಯ್ಯಂದು. ಖರೇ ಹೇಳ್ತೀನಿ, ಅಂವ ಮೊದಲಿಂದ್ಲೂ ಭಾಳ ಅಚ್ಚುಕಟ್ಟ."

ತಿರುಗಿ ಬರುವ ಬಸ್ಸಿನಲ್ಲಿ ನಾನು ಮೆಲ್ಲಗೆ ಹೇಳಿದೆ. "ಹಾಕಿಬಿಡು ತಂಗಿ. ಒಂದು ಸಹಿಗೆ ನೌಕರಿ ಕಳಕೋತೀಯೇನ?"

"ನಮ್ಮಪ್ಪ ತಟ್ಟಿ ನೋಡದ ಒಂದಕ್ಕೂ ಮುದ್ರಿ ಒತ್ತಿಲ್ರಿ."

"ಅದು ಪಂಪಿನ ಸಾಮಾನು. ಒಡದ್ರ ತ್ರಾಸು. ಇದೇನು, ಕಾರ್ಡು."

"ಹೌದ್ರಿ. ಪಂಪು ಒಡದ್ರ ಗೊತ್ತರೆ ಆಗತೈತಿ."

ಸ್ವಲ್ಪ ಹೊತ್ತಿಗೆ ಕಾರ್ಡನ್ನು ನನ್ನತ್ತ ಚಾಚಿದಳು. "ಹಂಗಾದ್ರ ನೀವ ಹಾಕ್ರಿ ಸರ್."

ಪೆನ್ನಿಲ್ಲ ಎಂದೆ. ಪೆನ್ನು ನನ್ನ ಅಂಗಿಯ ಜೇಬಿನಲ್ಲಿ ಎದ್ದು ಕಾಣುತ್ತಿತ್ತು. ಅವಳು ಅದನ್ನು ನೋಡಿ, ಕಿಟಕಿಯ ಹೊರಗೆ ಮುಖ ತಿರುಗಿಸಿದಳು.

ಸೋಮವಾರ ಚನ್ನಬಸಯ್ಯನವರು ಬಂದು ಗ್ರಂಥಾಲಯದ ಉದ್ದನೆಯ ಮೇಜಿಗೆ ಕೂತರು. ಅವಳ ನೌಕರಿ ಮುಂದುವರಿಸುವ ಕಾಗದವನ್ನು ಮಡಿಸಿ ಕನ್ನಡಕದ ಡಬ್ಬಿಯ ಕೆಳಗಿಟ್ಟರು. ನಾನು ಕಪಾಟಿನ ಬಾಜು ನಿಂತು, ಆಪತ್ತು ಬಂದರೆ ಕಪಾಟೇ ಆಗಿಬಿಡುವ ತಯಾರಿಯಲ್ಲಿದ್ದೆ. ಬಿಲ್ಕೀಸ ಎದುರಿಗೆ ನಿಂತಿದ್ದಳು. ಕೂತುಕೋ ಎಂದು ಅವರು ಹೇಳಿರಲಿಲ್ಲ.

ಕಾರ್ಡುಗಳು ಒಂದೊಂದಾಗಿ ಸರಿದವು. ಆ ಕಾರ್ಡು ಬಂತು. ಗುರುಗಳ ಮೂಗು ಎರಡು ಸಲ ಅರಳಿತು. ಶುದ್ಧ ಶಾಕಾಹಾರಿ ಮೂಗು ಅದು. ಏನೆಂದು ತಿಳಿಯದೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಕೆಳಗಿನ ಮೂಲೆ ಕಣ್ಣಿಗೆ ಬಿತ್ತು.

ಅವರ ಕೈ ಮಡಿಸಿದ ಕಾಗದದ ಮೇಲೆ ಬಂದು ಕೂತಿತು. ಮುಖ ಕೆಂಪಾಯಿತು. ಕೊನೆಗೆ ಅವರು ಸಹಿ ಹಾಕಿದ್ದು ಆ ಕಾಗದಕ್ಕೇ, ಕಾರ್ಡಿಗಲ್ಲ. ಎರಡರಲ್ಲಿ ಅದೇ ಸುಲಭವೆಂದು ಅವರಿಗೆ ಅನ್ನಿಸಿರಬೇಕು. ಆದರೆ ಅದಕ್ಕೂ ಮೊದಲು, ಕಾರ್ಡನ್ನು ಮೇಜಿಗೆ ಬಡಿದು ಕೇಳಿದರು.

"ಎಲ್ಲಾ ಕಾರ್ಡಿಗೂ ಸಹಿ ಐತಿ. ನನ್ನ ಗುರುಗಳ ಪುಸ್ತಕದ ಜಾಗಾ ಅಷ್ಟ ಯಾಕ ಖಾಲಿ ಬಿಟ್ಟೀ?"

"ನಿಮ್ಮ ಸಲುವಾಗಿ ಹಿಡದಿಟ್ಟೀನ್ರಿ ಸರ್," ಎಂದಳು ಬಿಲ್ಕೀಸ. "ಪೆನ್ನು ಕೊಡ್ಲೇನ್ರಿ?"